ಮೂವತ್ತು ಸಾವಿರದ ಲೆಕ್ಕ

ಕ್ಯೋಟೊ
ಅಕ್ಟೋಬರ್ 5, 2025

ಪ್ರೀತಿಯ ಅಮ್ಮನಿಗೆ ಭಾಗ್ಯಳ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ನೀವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯುವುದು ವಾಡಿಕೆ. ನಿನ್ನ ಪತ್ರ ಓದಿದ ಮೇಲೆ ಅದನ್ನು ಬರೆಯಲು ಕೈ ಬರುತ್ತಿಲ್ಲ. ಫೋನಿನಲ್ಲಿ ಹೇಳದೆ ಕಾಗದ ಬರೆದಿದ್ದೀಯ ಎಂದಾಗಲೇ ಎದೆ ಧಸಕ್ಕೆಂದಿತು. ಮನೆಯ ಫೋನು ಸದಾ ತಮ್ಮ ಮಧುವಿನ ಕೈಯಲ್ಲೇ ಇರುವಾಗ ನೀನು ತಾನೆ ಏನು ಮಾಡುತ್ತೀಯ? ಈ ಕಾಗದವನ್ನು ಸುಜಾತತ್ತೆಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಓದಿದ ಮೇಲೆ ಅಕ್ಕಿ ಡಬ್ಬದಲ್ಲಿ ಬಚ್ಚಿಡಬೇಡ, ಅವನಿಗೆ ಆ ಜಾಗ ಗೊತ್ತು.

ಅಪ್ಪನ ಕಣ್ಣಿನ ಆಪರೇಷನ್‌ಗೆ ಎತ್ತಿಟ್ಟಿದ್ದ ಕಬ್ಬಿನ ಹಣದಲ್ಲಿ 30 ಸಾವಿರ ಕಡಿಮೆಯಿದೆ, ಕೇಳಿದರೆ ‘ಅಕ್ಕನಿಗೆ ಕಳಿಸಿದ್ದೇನೆ, ಅಕ್ಕ ತರುತ್ತಾಳೆ’ ಅನ್ನುತ್ತಾನೆ ಎಂದು ಬರೆದಿದ್ದೀಯ. ಅಮ್ಮ, ನನಗೆ ಅವನು ಒಂದು ರೂಪಾಯಿಯನ್ನೂ ಕಳಿಸಿಲ್ಲ, ನಾನು ಕೇಳಿಯೂ ಇಲ್ಲ. ಆದರೆ 30 ಸಾವಿರ ಎಂಬ ಅಂಕಿಯನ್ನು ಓದಿದ ಕೂಡಲೇ ಅದು ಎಲ್ಲಿಗೆ ಹೋಗಿದೆ ಎಂದು ತಿಳಿಯಿತು.

ಕೈಯಲ್ಲಿ ಹಿಡಿದು ಆಡುವ ಒಂದು ಆಟದ ಯಂತ್ರವಿದೆ, ಸ್ವಿಚ್ 2 ಎಂದು ಹೆಸರು. ಇದೇ ಜೂನ್ 5ರಂದು ಬಿಡುಗಡೆಯಾಯಿತು. ಮಾಡುವ ಕಂಪನಿ ನಾನಿರುವ ಈ ಕ್ಯೋಟೊ ಊರಿನದೇ, ನಿಂಟೆಂಡೊ. 1889ರಲ್ಲಿ ಶುರುವಾದಾಗ ಇವರು ಮಾಡುತ್ತಿದ್ದದ್ದು ಇಸ್ಪೀಟು ಎಲೆ! ನಮ್ಮ ಇಸ್ಪೀಟಿನಂತೆ ರಾಜ ರಾಣಿ ಇರುವುದಿಲ್ಲ. ಹನ್ನೆರಡು ತಿಂಗಳಿಗೆ ಹನ್ನೆರಡು ಹೂವು, ಗಿಡ, ತಿಂಗಳಿಗೆ ನಾಲ್ಕರಂತೆ 48 ಎಲೆ. ನೋಡಲು ಎಷ್ಟು ಚೆಂದವೆಂದರೆ ದೇವರ ಮನೆಯಲ್ಲಿ ಇಡಬೇಕು ಅನ್ನಿಸುತ್ತದೆ. ಇದನ್ನು ಮಾತ್ರ ಅಪ್ಪನಿಗೆ ಹೇಳಬೇಡ. ಅಂದರ್ ಬಾಹರ್‌ನಲ್ಲಿ ದೊಡ್ಡಪ್ಪ ನಾಲೆ ಪಕ್ಕದ ಗದ್ದೆ ಕಳೆದದ್ದನ್ನು ಅವರು ಇವತ್ತಿಗೂ ಮರೆತಿಲ್ಲ. ಇಸ್ಪೀಟು ಕಂಪನಿಗೆ ನನ್ನ ಕಣ್ಣಿನ ದುಡ್ಡು ಹೋಯಿತೇ ಎಂದರೆ ಯಾರು ಉತ್ತರ ಕೊಡುವುದು?

ಈ ಯಂತ್ರಕ್ಕೆ ಇಲ್ಲಿ ಎರಡು ಬೆಲೆ. ಎಲ್ಲ ಭಾಷೆಗಳಿರುವುದು 69,980 ಯೆನ್. ಬರೀ ಜಪಾನಿ ಭಾಷೆಯದು 49,980. ಯೆನ್ ಒಂದಕ್ಕೆ ನಮ್ಮ 59 ಪೈಸೆ ಎಂದಿಟ್ಟುಕೋ, ಅಗ್ಗದ್ದು ಇಪ್ಪತ್ತೊಂಬತ್ತೂವರೆ ಸಾವಿರ ರೂಪಾಯಿಗೆ ಬರುತ್ತದೆ. ಈಗ ಮಧುವಿನ ಲೆಕ್ಕ ನಿನಗೂ ಗೊತ್ತಾಯಿತಲ್ಲ. ಜುಲೈನಲ್ಲಿ ಅವನು ‘ಅಕ್ಕಾ, ಆ ಅಗ್ಗದ್ದನ್ನೇ ತೆಗೆದುಕೊಂಡು ಬಾ’ ಎಂದಿದ್ದ. ಕೇಳಿಕೊಂಡು ಒಸಾಕಾದ ನಿಪ್ಪೋಂಬಾಶಿಗೆ ಹೋಗಿದ್ದೆ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಹೂವು, ಅರಿಶಿನ, ಬಾಳೆಹಣ್ಣು ತುಂಬಿರುವಂತೆ ಅಲ್ಲಿ ಬೀದಿಯುದ್ದಕ್ಕೂ ಆಟದ ಯಂತ್ರ, ಗೊಂಬೆ, ವಯರು. ಮಾರುವ ಹುಡುಗ ನನ್ನ ಮುಖ ನೋಡಿ ಪೆಟ್ಟಿಗೆಯನ್ನು ಕೈಗೆ ಕೊಡದೆ ಮೂರು ಸಲ ಕೇಳಿದ: ಇದರಲ್ಲಿ ಜಪಾನಿ ಬಿಟ್ಟು ಬೇರೆ ಭಾಷೆ ಬರುವುದಿಲ್ಲ, ಖಾತೆಯೂ ಜಪಾನ್ ದೇಶದ್ದೇ ಆಗಿರಬೇಕು, ಪರವಾಗಿಲ್ಲವೇ? ನಮ್ಮ ರೇಷನ್ ಕಾರ್ಡಿನ ಹಾಗೆ ಅಂದುಕೋ, ಈ ಊರಿನವರಿಗೆ ಮಾತ್ರ ಈ ದರ. ಯೆನ್ ಬೆಲೆ ಕುಸಿದಿರುವುದರಿಂದ ಹೊರಗಿನವರು ಗೋಣಿ ತುಂಬಿಕೊಂಡು ಹೋಗದಿರಲಿ ಎಂದು ಹೀಗೆ ಮಾಡಿದ್ದಾರೆ ಎಂದು ಕಚೇರಿಯ ಗೆಳತಿ ಹೇಳಿದಳು. ವ್ಯಾಪಾರ ಕೆಟ್ಟರೂ ಸರಿ, ಗಿರಾಕಿಗೆ ಎಚ್ಚರಿಕೆ ಹೇಳಿ ಬರಿಗೈಯಲ್ಲಿ ಕಳಿಸುವ ಅಂಗಡಿಯವನನ್ನು ನಾನು ನೋಡಿದ್ದು ಅದೇ ಮೊದಲು.

ಎಲ್ಲ ಭಾಷೆಗಳದ್ದು ಅಂಗಡಿಗಳಲ್ಲಿ ಸಿಗುವುದೇ ಇಲ್ಲ, ಕಂಪನಿಯ ಸ್ವಂತ ಆನ್‌ಲೈನ್ ಮಳಿಗೆಯಲ್ಲಿ ಮಾತ್ರ. ಅಲ್ಲಿ ಮೊದಲು ಲಾಟರಿ ಎತ್ತಿದರು. 22 ಲಕ್ಷ ಜನ ಅರ್ಜಿ ಹಾಕಿದ್ದರಂತೆ. ಅರ್ಜಿ ಹಾಕುವುದಕ್ಕೂ ಹಳೆಯ ಯಂತ್ರದಲ್ಲಿ 50 ಗಂಟೆ ಆಟವಾಡಿರಬೇಕು ಎಂಬ ಷರತ್ತು. ಹಾಜರಾತಿ ಸಾಲದೆಂದು ಆಟಕ್ಕೂ ಸೇರಿಸಿಕೊಳ್ಳದ ಊರು ಇದು! ಡಿಪ್ಲೊಮಾದಲ್ಲಿ ಹಾಜರಾತಿ ಸಾಲದೆ ದಂಡ ಕಟ್ಟಿದ ನಿನ್ನ ಮಗನಿಗೆ ಇಲ್ಲಿ ಮಾತ್ರ ಪೂರ್ತಿ ಹಾಜರಾತಿ ಸಿಗುತ್ತಿತ್ತು.

ಇದನ್ನೆಲ್ಲ ಅವನಿಗೆ ವಿವರಿಸಿ, ಬೇಡ, ಸಂಕ್ರಾಂತಿಗೆ ಬರುವಾಗ ಬೇರೇನಾದರೂ ನೋಡೋಣ ಎಂದಿದ್ದೆ. ‘ಆಯಿತಕ್ಕ’ ಎಂದ. ಅಷ್ಟು ಬೇಗ ಆಯಿತು ಅನ್ನುವವನೇ ಅವನು? ನನಗಾಗಲೇ ಅನುಮಾನ ಬರಬೇಕಿತ್ತು. ನಿಂಟೆಂಡೊದವರು ನಮ್ಮ ದೇಶದಲ್ಲಿ ನೇರವಾಗಿ ಮಾರುವುದಿಲ್ಲ, ಸಿಗುವುದೆಲ್ಲ ಹೊರಗಿನಿಂದ ತರಿಸಿದ್ದೇ. ಹೊರಗಿನಿಂದ ತರಿಸಿಕೊಡುತ್ತೇವೆ ಎನ್ನುವ ಯಾರಿಗೋ ಮುಂಗಡವೆಂದು ಪೂರ್ತಿ ಹಣ ಕಟ್ಟಿದ್ದಾನೆ, ನನ್ನ ಹೆಸರನ್ನು ಮುಂದಿಟ್ಟಿದ್ದಾನೆ. ಇನ್ನು ಎರಡೇ ದಾರಿ. ಹಣ ಮುಳುಗಿತು. ಇಲ್ಲವೇ ಯಂತ್ರ ಬರುತ್ತದೆ, ಬಂದು ಜಪಾನಿಯಲ್ಲಿ ಮಾತಾಡುತ್ತದೆ, ಅದನ್ನು ಓದಿ ಹೇಳಲು ನಮ್ಮ ಮನೆಯಲ್ಲಿ ನಾನೊಬ್ಬಳೇ. ಪ್ರತಿ ಗುಂಡಿಗೂ ಕ್ಯೋಟೊಗೆ ಫೋನು ಮಾಡುತ್ತಾನೆ ಬಿಡು.

ಈಗ ಹೇಳುವುದನ್ನು ಗಮನವಿಟ್ಟು ಓದು. ಕಸ್ಟಮ್ಸ್ ಸುಂಕ ಕಟ್ಟಬೇಕು, ಪಾರ್ಸೆಲ್ ಬಿಡಿಸಬೇಕು ಎಂದು ಯಾರಾದರೂ ಮತ್ತೆ ಹಣ ಕೇಳಿದರೆ ಕೊಡಕೂಡದು. ಉಡುಗೊರೆ ಎಂದು ಬರೆದು ಸುಂಕವಿಲ್ಲದೆ ಅಂಚೆಯಲ್ಲಿ ತರಿಸುವ ಅವಕಾಶ 2019ರ ಡಿಸೆಂಬರ್‌ನಲ್ಲೇ ನಿಂತುಹೋಗಿದೆ. ರಾಖಿಗೂ ಜೀವರಕ್ಷಕ ಔಷಧಿಗೂ ಮಾತ್ರ ವಿನಾಯಿತಿ. ಮೋಸ ಮಾಡುವವರಿಗೂ ಇದು ಗೊತ್ತು, ಆ ಎಳೆ ಹಿಡಿದೇ ಮುಂದಿನ ಕಂತು ಕೇಳುತ್ತಾರೆ. ಹಣ ಯಾವ ಖಾತೆಗೆ, ಯಾವ ದಿನ ಹೋಯಿತು ಎಂಬುದನ್ನು ಮಧುವಿನಿಂದ ಬರೆಸಿಕೊಂಡು, ತಡವಾಗಿದ್ದರೂ ಸರಿ, 1930ಕ್ಕೆ ಫೋನು ಮಾಡಿಸು. ಅದು ಸೈಬರ್ ವಂಚನೆಯ ದೂರಿನ ಸಂಖ್ಯೆ. ಬೈಯಬೇಡ, ಬೈದರೆ ಇನ್ನೂ ಒಳಗೆ ಹೋಗುತ್ತಾನೆ. ಬೈಯುವುದನ್ನು ನನಗೆ ಬಿಡು, ನಾನು ಬಹಳ ದಿನದಿಂದ ಕೂಡಿಟ್ಟಿದ್ದೇನೆ.

ಇಷ್ಟು ಬರೆದು ಒಂದು ಗಳಿಗೆ ಸುಮ್ಮನೆ ಕುಳಿತಿದ್ದೆ. ಒಂದು ಮಾತು ಮುಚ್ಚಿಟ್ಟರೆ ಪಾಪ ಬರುತ್ತದೆ. ಅವನಿಗೆ ಈ ಹುಚ್ಚು ಹತ್ತಿಸಿದವಳು ನಾನೇ. ಏಪ್ರಿಲ್‌ನಲ್ಲಿ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಏಳು ಸಾವಿರ ಯೆನ್ನಿಗೆ ಇಂಥದ್ದೇ ಕೈಯಾಟದ ಹಳೆಯ ಯಂತ್ರ, ಸೋನಿಯವರ ಪಿಎಸ್‌ಪಿ ಕೊಂಡಿದ್ದೆ, 2004ರ ಕೊನೆಯಲ್ಲಿ ಇಲ್ಲಿ ಮೊದಲು ಬಂದ ಜಾತಿಯದು. ಅಂಗಡಿಯವಳು ಭೂತಗನ್ನಡಿ ಹಿಡಿದು ಗಾಜಿನ ಮೇಲಿದ್ದ ಕೂದಲೆಳೆಯಂಥ ಗೀರನ್ನು ತೋರಿಸಿ ಕ್ಷಮೆ ಕೇಳಿದಳು. ಮದ್ದೂರಿನ ಸಂತೆಯಲ್ಲಿ ಎತ್ತಿನ ಹಲ್ಲು ನೋಡುವುದಕ್ಕೂ ನಾವು ಇಷ್ಟು ಬಗ್ಗುವುದಿಲ್ಲ. ಪಕ್ಕದಲ್ಲೇ ಜಂಕ್ ಎಂದು ಬರೆದ ಬುಟ್ಟಿ, ನಡೆಯುತ್ತದೋ ಇಲ್ಲವೋ ನಿಮ್ಮ ಹಣೆಬರಹ ಎಂದು ರಾಶಿ ಸುರಿದಿದ್ದರು. ನಾನು ಕೊಂಡ ಯಂತ್ರದ ಗುಂಡಿಗಳಲ್ಲಿ ಒಂದು ಸೊನ್ನೆ, ಒಂದು ಇಂಟು ಗುರುತು. ಇಲ್ಲಿಯ ಯಂತ್ರದಲ್ಲಿ ಸೊನ್ನೆ ಒತ್ತಿದರೆ ಸರಿ, ಇಂಟು ಒತ್ತಿದರೆ ಬೇಡ. ಇಲ್ಲಿ ಮೇಷ್ಟ್ರುಗಳೂ ಸರಿಯುತ್ತರಕ್ಕೆ ಸೊನ್ನೆಯನ್ನೇ ಸುತ್ತುತ್ತಾರೆ. ನಮ್ಮ ಶಾಲೆಯಲ್ಲಿ ಸೊನ್ನೆ ತಂದ ದಿನ ನೀನು ಕೊಟ್ಟ ಏಟು ನೆನಪಿದೆಯೇ? ಅದನ್ನೇ ರೈಲಿನಲ್ಲಿ ಆಡುತ್ತಾ ಒಸಾಕಾಕ್ಕೆ ಹೋಗಿಬರುತ್ತೇನೆ. ವಿಡಿಯೊ ಕರೆಯಲ್ಲಿ ಮಧುವಿಗೆ ತೋರಿಸಿ ಜಂಬ ಕೊಚ್ಚಿದೆ. ಆಗ ಅವನು ಮಾತಾಡಲಿಲ್ಲ, ಸುಮ್ಮನೆ ನೋಡಿದ. ಇಪ್ಪತ್ತೆಂಟು ವರ್ಷದ ನಾನು ಆಡಬಹುದು, ಹತ್ತೊಂಬತ್ತರ ಅವನು ಆಸೆಪಡಬಾರದು ಎಂದರೆ ಹೇಗೆ ಕೇಳುತ್ತಾನೆ?

ಅಪ್ಪನ ಮಾತಿಗೆ ಬರುತ್ತೇನೆ. ಕಬ್ಬು ಕಡಿದ ಮೇಲೆ, ಸಂಕ್ರಾಂತಿ ಮುಗಿದ ಮೇಲೆ ಎಂದು ಮುಂದೂಡುತ್ತಿರುವುದು ಹಣಕ್ಕಲ್ಲ, ಹೆದರಿಕೆಗೆ. ಹಣ ಕಡಿಮೆಯಾದದ್ದು ಅವರಿಗೆ ಒಳ್ಳೆಯ ನೆಪವಾಯಿತು. ಪೊರೆ ತೆಗೆದು ಮಸೂರ ಕೂರಿಸುವುದು ಈಗ ದೊಡ್ಡ ವಿಷಯವೇ ಅಲ್ಲ, ಅನೇಕರು ಅದೇ ದಿನ ಮನೆಗೆ ಬರುತ್ತಾರೆ. ಸಕ್ಕರೆ ಹಿಡಿತದಲ್ಲಿರಬೇಕು, ಅಷ್ಟೆ. ಮಂಡ್ಯದವರಿಗೆ ಸಕ್ಕರೆ ಹಿಡಿತದಲ್ಲಿಡಿ ಎಂದರೆ ನಗುತ್ತಾರೆ, ಆದರೂ ಆಲೆಮನೆ ಕಡೆ ಬಿಡಬೇಡ. ರಾತ್ರಿ ಎದುರಿನ ಲಾರಿಯ ಬೆಳಕಿಗೆ ಕಣ್ಣು ಕುಕ್ಕಿ ಗಾಡಿಯನ್ನು ನಾಲೆಯ ಏರಿ ಹತ್ತಿಸಿದರು ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ಎಷ್ಟು ಸಲ ಓದಿದೆನೋ. ನಾಲೆಯಲ್ಲಿ ಈಗ ನೀರಿದೆಯೇ? ಗಾಡಿಯ ಕೀ ಇವತ್ತೇ ತೆಗೆದಿಡು.

ನಿನ್ನೆ ನಿನ್ನ ಖಾತೆಗೆ 60 ಸಾವಿರ ಹಾಕಿದ್ದೇನೆ. ನನಗೆ ಇದರಿಂದ ಒಂದಿಷ್ಟೂ ತೊಂದರೆಯಿಲ್ಲ. ಬಾಡಿಗೆ ಕಟ್ಟಿಯಾಗಿದೆ, ಅಕ್ಕಿ ಇದೆ, ಚಳಿಗೆ ಹಳೆಯ ಕೋಟೇ ಚೆನ್ನಾಗಿದೆ. ಊಟ ಸರಿಯಾಗಿ ಮಾಡುತ್ತಿದ್ದೇನೆ, ದಪ್ಪವೂ ಆಗಿದ್ದೇನೆ, ಸುಜಾತತ್ತೆಗೆ ಬೇಕಾದರೆ ಫೋಟೊ ಕಳಿಸುತ್ತೇನೆ. ನೀನು ಚಿಂತೆ ಮಾಡಲೇಬೇಡ. ಮೈಸೂರಿನ ಕಣ್ಣಿನ ಆಸ್ಪತ್ರೆಗೆ ದೀಪಾವಳಿಗೆ ಮೊದಲೇ ದಿನ ಗೊತ್ತು ಮಾಡು. ಅತ್ತೆ ಜೊತೆಗೆ ಬರುತ್ತಾರೆ, ನಾನು ಹೇಳುತ್ತೇನೆ.

ಮಧುವಿಗೆ ಈಗಲೇ ಹೇಳಬೇಡ, ಜನವರಿಯಲ್ಲಿ ಬರುವಾಗ ನನ್ನ ಈ ಹಳೆಯ ಆಟದ ಯಂತ್ರವನ್ನೇ ಅವನಿಗೆ ತರುತ್ತೇನೆ. ಕೈಚೀಲದಲ್ಲೇ ಇಟ್ಟುಕೊಂಡು ಬರುತ್ತೇನೆ, ಬ್ಯಾಟರಿ ಸಾಮಾನನ್ನು ದೊಡ್ಡ ಪೆಟ್ಟಿಗೆಗೆ ಹಾಕುವುದು ಒಳ್ಳೆಯದಲ್ಲ. ಅಪ್ಪ ಕೇಳಿದರೆ ಕ್ಯಾಲ್ಕುಲೇಟರ್ ಎಂದು ಹೇಳು. ಆಪರೇಷನ್ ಆದ ಮೇಲಾದರೆ ನಂಬುವುದಿಲ್ಲ ಅಲ್ಲವೇ, ಆಗ ನೋಡೋಣ.

ಅಂಚೆ ಪೆಟ್ಟಿಗೆ ತೆರೆಯುವ ಹೊತ್ತಾಯಿತು, ಓಡಬೇಕು. ಮುಂದಿನ ಭಾನುವಾರ ಸಂಜೆ ಆರಕ್ಕೆ ಅತ್ತೆಯ ಫೋನಿಗೆ ಮಾಡುತ್ತೇನೆ, ಅಲ್ಲೇ ಇರು. ಅಪ್ಪನಿಗೆ ನಮಸ್ಕಾರ.

ನಿನ್ನ ಮಗಳು
ಭಾಗ್ಯ

ಗಾಡಿಯ ಕೀ ಮರೆಯಬೇಡ.