ಆರು ದಿನ ಕಾಯಬೇಕು ದೋಸ್ತ

ಬೆಳಗಾವಿ

ಪ್ರೀತಿಯ ದೋಸ್ತ,

ನೀನು ವಿಜಯಪುರದಿಂದ ಕಳಿಸಿದ ಎಂಟಿಟಿ (ಜೀವಂತ ಸೆಲ್ಲುಗಳ ಚಟುವಟಿಕೆಯನ್ನು ಬಣ್ಣದಿಂದ ಅಳೆಯುವ ಪರೀಕ್ಷೆ) ರೀಡಿಂಗ್ ನೋಡಿದೆ. 48 ತಾಸಾದರೂ ಕ್ಯಾಲ್ಸಿಟ್ರಯಾಲ್ (ವಿಟಮಿನ್ ಡಿಯ ಸಕ್ರಿಯ ರೂಪ) ಹಾಕಿದ ವೆಲ್ಲಿಗೂ, ಅಂದರೆ 96 ಗುಳಿಯ ಪ್ಲೇಟಿನ ಗುಳಿಗೂ, ಹಾಕದ ವೆಲ್ಲಿಗೂ ಫರಕ್ಕೇ ಇಲ್ಲ ಅಂತ ತಲೆ ಕೆಡಿಸಿಕೊಂಡಿದ್ದೀ. ವೆಲ್ಲಿಗೆ 10,000 ಎಂಸಿಎಫ್-7 ಸ್ತನ ಕ್ಯಾನ್ಸರ್ ಸೆಲ್ ಬಿತ್ತಿ ಎರಡೇ ದಿನಕ್ಕೆ ಪ್ಲೇಟ್ ಓದಿದರೆ ಫರಕ್ ಎಲ್ಲಿಂದ ಬರಬೇಕು?

ಹಾಕಿದ ಮರುದಿನವೇ ಸೆಲ್ ಸತ್ತು ತೇಲಲು ಇದು ಡಾಕ್ಸೊರುಬಿಸಿನ್‌ನಂಥ ಸೆಲ್ ಕೊಲ್ಲುವ ಕ್ಯಾನ್ಸರ್ ಔಷಧ ಅಲ್ಲವಲ್ಲ. ಕ್ಯಾಲ್ಸಿಟ್ರಯಾಲ್ ಹೋಗಿ ಸೆಲ್ಲಿನೊಳಗಿನ ವಿಟಮಿನ್ ಡಿ ರಿಸೆಪ್ಟರಿನಲ್ಲಿ (ವಿಡಿಆರ್) ಕೂರುತ್ತದೆ, ಅದು ಆರ್‌ಎಕ್ಸ್‌ಆರ್ ಎಂಬ ಇನ್ನೊಂದು ರಿಸೆಪ್ಟರಿನ ಜೊತೆ ಜೋಡಿಯಾಗಿ ಡಿಎನ್‌ಎ ಹಿಡಿಯುತ್ತದೆ. ವಿಭಜನೆ ತಡೆಯುವ ಪಿ21, ಪಿ27 ಪ್ರೋಟೀನುಗಳು ಏರುತ್ತವೆ, ವಿಭಜನೆಗೆ ನೂಕುವ ಸೈಕ್ಲಿನ್ ಡಿ1 ಇಳಿಯುತ್ತದೆ, ಸೆಲ್ ಡಿಎನ್‌ಎ ನಕಲಿಗೆ ಮುಂಚಿನ ಜಿ1 ಹಂತದಲ್ಲೇ ತಡವರಿಸುತ್ತದೆ. ಚೋರ್ಲಾ ಘಾಟು ಇಳಿಯುವ ಬಸ್ಸಿಗೆ ಡ್ರೈವರ್ ಬ್ರೇಕ್ ಒತ್ತಿದ ಹಾಗೆ; ಮೊದಲ ತಿರುವಿನಲ್ಲೇ ಯಾರಿಗೂ ಗೊತ್ತಾಗುವುದಿಲ್ಲ. ಎಂಸಿಎಫ್-7 ದುಪ್ಪಟ್ಟಾಗಲು ಹೆಚ್ಚುಕಡಿಮೆ ಒಂದೂವರೆ ದಿನ ಬೇಕು. ನಾಲ್ಕು ಸುತ್ತು ದಾಟಿದ ಮೇಲೆ ಹಿಂದುಳಿದವು ಎದ್ದು ಕಾಣುತ್ತವೆ. ಆದರೆ ನೀನು ಬಿತ್ತಿದ ದಟ್ಟಣೆಯಲ್ಲಿ ನಾಲ್ಕನೇ ದಿನಕ್ಕೆಲ್ಲ ಕಂಟ್ರೋಲ್ ವೆಲ್ಲೇ ತುಂಬಿ, ಅಲ್ಲಿನ ಸೆಲ್ಲುಗಳೂ ಜಾಗವಿಲ್ಲದೆ ನಿಂತುಬಿಡುತ್ತವೆ. ಎರಡೂ ಕಡೆ ನಿಂತ ಮೇಲೆ ಅಳೆಯುವುದೇನು? 1,500 ಬಿತ್ತು. 24 ತಾಸು ಅಂಟಿಕೊಳ್ಳಲು ಬಿಡು, ಔಷಧ ಹಾಕಿ ಆರು ದಿನ ನಡೆಸು.

ಇನ್ನು ಔಷಧ. ಮೆಡಿಕಲ್ ಶಾಪಿನ 60,000 ಯೂನಿಟ್ ವಿಟಮಿನ್ ಡಿ ಸ್ಯಾಷೆಯಲ್ಲಿರುವುದು ಕೊಲೆಕ್ಯಾಲ್ಸಿಫೆರಾಲ್. ಲಿವರ್, ಕಿಡ್ನಿ ಎರಡನ್ನೂ ದಾಟಿದ ಮೇಲೆ ಅದು ಕ್ಯಾಲ್ಸಿಟ್ರಯಾಲ್ ಆಗುವುದು. ಪ್ಲೇಟಿನಲ್ಲಿ ಲಿವರ್ ಇಲ್ಲ. ಶುದ್ಧ ಕ್ಯಾಲ್ಸಿಟ್ರಯಾಲ್ 1 ಮಿಲಿಗ್ರಾಂ ವೈಯಲ್ ತಂದರೆ 2.4 ಎಂಎಲ್ ಎಥನಾಲ್ ಹಾಕು, 1 ಮಿಲಿಮೋಲಾರ್ ಸ್ಟಾಕ್ ಆಗುತ್ತದೆ. ಎಥನಾಲ್ ಪೂರ್ತಿ ನೀರಿಲ್ಲದ್ದೇ ಇರಲಿ. ಕಂದು ಗಾಜಿನ ಸೀಸೆಗಳಲ್ಲಿ ಸಣ್ಣ ಸಣ್ಣ ಪಾಲು ಮಾಡಿ, ಫಾಯಿಲ್ ಸುತ್ತಿ ಮೈನಸ್ 20ರಲ್ಲಿಡು. ಬೆಳಕು ತಗುಲಿದರೆ ಕೆಡುತ್ತದೆ, ಪ್ಲಾಸ್ಟಿಕ್ಕಿಗೂ ಅಂಟಿಕೊಳ್ಳುತ್ತದೆ. ಅದರಿಂದ 100 ಮೈಕ್ರೊಮೋಲಾರ್ ಮತ್ತು 10 ಮೈಕ್ರೊಮೋಲಾರ್ ಮಾಡಿಕೊಂಡರೆ, ಒಂದು ಎಂಎಲ್ ಮೀಡಿಯಾಕ್ಕೆ (ಸೆಲ್ ಬೆಳೆಸುವ ದ್ರವ) 1 ಮೈಕ್ರೊಲೀಟರ್ ಹಾಕಿದಾಗ 100 ಮತ್ತು 10 ನ್ಯಾನೊಮೋಲಾರ್ ಸಿಗುತ್ತದೆ, ಎರಡರಲ್ಲೂ ಎಥನಾಲ್ ಶೇ. 0.1. ಕಂಟ್ರೋಲ್ ವೆಲ್ಲಿಗೂ ಅಷ್ಟೇ ಎಥನಾಲ್ ಹಾಕಬೇಕು, ಬರೀ ಮೀಡಿಯಾ ಸಾಲದು.

ಎರಡು ದಿನಕ್ಕೊಮ್ಮೆ ಔಷಧದ ಸಮೇತ ಮೀಡಿಯಾ ಬದಲಿಸುವುದನ್ನು ಮರೆಯಬೇಡ. ವಿಡಿಆರ್ ಎದ್ದ ಕೂಡಲೇ ಸಿವೈಪಿ24ಎ1 ಎಂಬ ಕಿಣ್ವವನ್ನೂ ಎಬ್ಬಿಸುತ್ತದೆ, ಅದು ಕ್ಯಾಲ್ಸಿಟ್ರಯಾಲನ್ನೇ ಕತ್ತರಿಸಿ ಹಾಕುತ್ತದೆ. ಹಾಕಿದವನನ್ನೇ ಹೊರಗೆ ದಬ್ಬುವ ಮನೆ! ಇದರಿಂದ ನಿನಗೊಂದು ಲಾಭವೂ ಇದೆ. ಔಷಧ ಜೀವಂತವಿದೆಯೋ ಇಲ್ಲವೋ ಎಂಬ ಅನುಮಾನ ಬಂದರೆ 24 ತಾಸಿನ ಆರ್‌ಎನ್‌ಎ ತೆಗೆದು ಈ ಕಿಣ್ವದ ಜೀನಿಗೆ ಕ್ಯೂಪಿಸಿಆರ್ (ಜೀನ್ ಎಷ್ಟು ಎದ್ದಿದೆಯೆಂದು ಅಳೆಯುವ ವಿಧಾನ) ಮಾಡು. ಅದು ಭಾರೀ ಏರಿರಬೇಕು. ಏರಿಲ್ಲವೆಂದರೆ ಸ್ಟಾಕ್ ಸತ್ತಿದೆ, ಇಲ್ಲಾ ಸೆಲ್ಲೇ ಬೇರೆ.

ಮೀಡಿಯಾ ಫೀನಾಲ್ ರೆಡ್ ಇಲ್ಲದ್ದು, ಸೀರಮ್ ಹಾರ್ಮೋನ್ ತೆಗೆಯಲು ಚಾರ್ಕೋಲ್ ಹಾಯಿಸಿದ್ದು ಇರಲಿ. ಆ ಕೆಂಪು ಬಣ್ಣ ಈಸ್ಟ್ರೊಜೆನ್‌ನಂತೆ ತುಸು ವರ್ತಿಸುತ್ತದೆ. ಎಂಸಿಎಫ್-7 ಈಸ್ಟ್ರೊಜೆನ್ ಸಿಕ್ಕರೆ ಓಡುವ ಸೆಲ್; ಒಂದು ಕಾಲು ಬ್ರೇಕಿನ ಮೇಲೆ, ಇನ್ನೊಂದು ಎಕ್ಸಿಲೇಟರ್ ಮೇಲೆ ಇಟ್ಟಂತಾಗುತ್ತದೆ. ಎಂಡಿಎ-ಎಂಬಿ-231 ಎಂಬ ಇನ್ನೊಂದು ಸ್ತನ ಕ್ಯಾನ್ಸರ್ ಸೆಲ್ ಕೂಡ ಹಚ್ಚುವ ಆಸೆ ಇದ್ದರೆ ಹಚ್ಚು, ಆದರೆ ಅದು ಇಷ್ಟು ಸುಲಭಕ್ಕೆ ಜಗ್ಗುವುದಿಲ್ಲ.

ನಿಮ್ಮೂರ ಏಪ್ರಿಲ್ ಬಿಸಿಲಿಗೆ ಇನ್‌ಕ್ಯುಬೇಟರಿನ ನೀರಿನ ಟ್ರೇ ದಿನಾ ನೋಡು. ಆರು ದಿನದ ಪ್ಲೇಟಿನಲ್ಲಿ ಅಂಚಿನ ವೆಲ್ಲುಗಳು ಒಣಗಿ ಸುಳ್ಳು ಹೇಳುತ್ತವೆ. ಅಂಚಿನ 36ಕ್ಕೂ ಪಿಬಿಎಸ್ (ಉಪ್ಪುನೀರಿನ ಬಫರ್) ತುಂಬಿ, ಒಳಗಿನ 60 ಮಾತ್ರ ಬಳಸು.

ಎಂಟಿಟಿ ಒಂದನ್ನೇ ನಂಬಬೇಡ. ಅದು ಸೆಲ್ ಎಣಿಸುವುದಿಲ್ಲ, ಸೆಲ್ಲಿನ ಉಸಿರಾಟವನ್ನು ಬಣ್ಣದಲ್ಲಿ ತೋರಿಸುತ್ತದೆ. 570 ನ್ಯಾನೊಮೀಟರ್ ಬೆಳಕಿನಲ್ಲಿ ರೀಡಿಂಗ್ ಇಳಿದರೆ ಸತ್ತವೋ ನಿಂತವೋ ತಿಳಿಯುವುದಿಲ್ಲ. ಪಕ್ಕದಲ್ಲೇ ಸತ್ತ ಸೆಲ್ಲಿಗೆ ಮಾತ್ರ ನೀಲಿ ಹಿಡಿಯುವ ಟ್ರಿಪಾನ್ ಬ್ಲೂ ಹಾಕಿ ಎಣಿಕೆಯ ಚೇಂಬರಿನಲ್ಲಿ ಎಣಿಸು. ಒಂದು ಫ್ಲಾಸ್ಕಿನ ಸೆಲ್ಲುಗಳನ್ನು ತಣ್ಣನೆಯ ಶೇ. 70 ಎಥನಾಲಿನಲ್ಲಿ ಕೂರಿಸಿ, ಆರ್‌ಎನ್‌ಏಸ್ ಕೊಟ್ಟು, ಡಿಎನ್‌ಎಗೆ ಅಂಟುವ ಬಣ್ಣ ಪ್ರೊಪಿಡಿಯಂ ಅಯೊಡೈಡ್ ಹಚ್ಚಿ ಫ್ಲೋ ಸೈಟೋಮೀಟರಿಗೆ ಹಾಕು. ಜಿ1 ಗುಡ್ಡೆ ಎತ್ತರವಾಗಿದ್ದರೆ ಬ್ರೇಕ್ ಹಿಡಿದಿದೆ ಅಂತ.

ಫಲಿತಾಂಶ ಬಂತೆಂದು ಕಾಲೇಜಿನಲ್ಲಿ ಹೇಳಿದ ದಿನ ಯಾರಾದರೂ ಮನೆಯವರಿಗೆ ಸ್ಯಾಷೆ ಕೇಳುತ್ತಾರೆ. ಅವರಿಗೆ ಇಷ್ಟು ಹೇಳು: ರಕ್ತದಲ್ಲಿ ಕ್ಯಾಲ್ಸಿಟ್ರಯಾಲ್ ಇರುವುದು 0.1 ನ್ಯಾನೊಮೋಲಾರಿನ ಆಸುಪಾಸು, ನಮ್ಮ ಪ್ಲೇಟಿನಲ್ಲಿ ಅದರ ನೂರರಿಂದ ಸಾವಿರ ಪಟ್ಟು. ಮನುಷ್ಯರಿಗೆ ಅಷ್ಟು ಕೊಟ್ಟರೆ ಕ್ಯಾಲ್ಸಿಯಂ ಏರಿ ಕಿಡ್ನಿ ಕೈಕೊಡುತ್ತದೆ. 2018ರಲ್ಲಿ ಪ್ರಕಟವಾದ ಅಮೆರಿಕದ ವೈಟಲ್ ಪ್ರಯೋಗದಲ್ಲಿ 25,871 ಜನರಿದ್ದರು. ದಿನಕ್ಕೆ 2,000 ಯೂನಿಟ್ ವಿಟಮಿನ್ ಡಿ ನುಂಗಿದವರಲ್ಲಿ ಸ್ತನ ಕ್ಯಾನ್ಸರ್ ಬರುವುದು ಕಡಿಮೆಯಾಗಲಿಲ್ಲ.

ಹೊಸ ಪ್ಲೇಟ್ ಸೋಮವಾರ ಬಿತ್ತು. ಮಂಗಳವಾರ ಔಷಧ, ಗುರುವಾರ ಮತ್ತು ಶನಿವಾರ ಮೀಡಿಯಾ ಬದಲು, ಮುಂದಿನ ಸೋಮವಾರ ರೀಡಿಂಗ್. ರವಿವಾರ ಊರಿಗೆ ಹೋಗಬಹುದು, ಟ್ರೇಗೆ ನೀರು ಹಾಕಿ ಹೋಗು.

ನಿನ್ನ ಗೆಳೆಯ