ಕರಾವಳಿ ಹೆದ್ದಾರಿಯಲ್ಲಿ ನಿಲ್ಲೋಕೆ ಜಾಗ ಎಲ್ಲಿದೆ?

ಮಾನ್ಯ ಸಂಪಾದಕರೇ,

ಡಿಸೆಂಬರ್ ಕೊನೆಯಲ್ಲಿ ಮಕ್ಕಳಿಗೆ ನಾಲ್ಕು ದಿನ ರಜೆ ಸಿಕ್ಕಿತು. ಅತ್ತೆಯವರನ್ನೂ ಕೂರಿಸಿಕೊಂಡು ಮಂಗಳೂರಿನಿಂದ ಕಾರವಾರಕ್ಕೆ ಕಾರಿನಲ್ಲಿ ಹೊರಟೆವು, 66ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು. ಸುಮಾರು 270 ಕಿಲೋಮೀಟರ್. ಮನಸ್ಸು ಮಾಡಿದರೆ ಒಂದೇ ದಿನದಲ್ಲಿ ಮುಟ್ಟಬಹುದು. ಆದರೆ ಬೇಗ ಮುಟ್ಟಬೇಕು ಅಂತ ಈ ದಾರಿಗೆ ಯಾರು ಬರುತ್ತಾರೆ ಹೇಳಿ.

ಮರವಂತೆಯಲ್ಲಿ ಎಡಕ್ಕೆ ಅರಬ್ಬಿ ಸಮುದ್ರ, ಬಲಕ್ಕೆ ಸೌಪರ್ಣಿಕಾ ಹೊಳೆ, ನಡುವೆ ರಸ್ತೆ. ಮಳೆಗಾಲದಲ್ಲಿ ದಡಕ್ಕೆ ಹೊಡೆಯುವ ಆ ಸಮುದ್ರ ಡಿಸೆಂಬರಿನಲ್ಲಿ ಎಷ್ಟು ಸುಮ್ಮನಿರುತ್ತದೆ ಅಂದರೆ, ನೋಡಿದವರು ಕಾರು ನಿಲ್ಲಿಸದೆ ಮುಂದೆ ಹೋಗುವುದೇ ಇಲ್ಲ. ನಾವೂ ನಿಲ್ಲಿಸಿದೆವು. ಅರ್ಧ ಕಾರು ರಸ್ತೆ ಮೇಲೆಯೇ ಇತ್ತು, ತಪ್ಪು ನಮ್ಮದೇ. ಚಿಕ್ಕವನು ಖುಷಿಯಲ್ಲಿ ರಸ್ತೆ ಕಡೆಯ ಬಾಗಿಲು ತೆಗೆದ. ಅದೇ ಹೊತ್ತಿಗೆ ಒಂದು ಲಾರಿ ಹಾರ್ನ್ ಹೊಡೆಯುತ್ತಾ ಪಕ್ಕದಲ್ಲೇ ಹೋಯಿತು. ಜೀವ ಬಾಯಿಗೆ ಬಂದಿತ್ತು.

ಉಡುಪಿ ಕಡೆ ದಾರಿ ಉದ್ದಕ್ಕೂ ತೆಂಗು, ಗದ್ದೆ. ಹೊನ್ನಾವರ ದಾಟಿದ ಮೇಲೆ ಘಟ್ಟ ಹತ್ತಿರ ಹತ್ತಿರ ಬರುತ್ತದೆ, ಕಾರವಾರದ ಹತ್ತಿರ ಗುಡ್ಡ ಸಮುದ್ರಕ್ಕೇ ಇಳಿದ ಹಾಗಿದೆ. ಅತ್ತೆಯವರು ಸೇತುವೆ ಬಂದಾಗಲೆಲ್ಲ ‘ಇದು ಯಾವ ಹೊಳೆ?’ ಅಂತ ಕೇಳಿ ಕೈ ಮುಗಿಯುತ್ತಿದ್ದರು. ಶರಾವತಿ, ಅಘನಾಶಿನಿ, ಗಂಗಾವಳಿ. ಅವರು ಕೈ ಇಳಿಸುವುದರೊಳಗೆ ಹೊಳೆ ಮುಗಿದೇ ಹೋಗುತ್ತಿತ್ತು! ಅವರಿಗೆ ಮಂಡಿ ನೋವು, ಗಂಟೆಗೊಮ್ಮೆಯಾದರೂ ಇಳಿಯಬೇಕು. ಒಂದು ಪೆಟ್ರೋಲ್ ಬಂಕಿನಲ್ಲಿ ಶೌಚಾಲಯಕ್ಕೆ ಬೀಗ. ಕೀಲಿ ಇಟ್ಟುಕೊಂಡವರು ಊಟಕ್ಕೆ ಹೋಗಿದ್ದರಂತೆ.

ಹಾಗಂತ ಕಂಡಲ್ಲೆಲ್ಲ ನಿಲ್ಲಲು ಬಿಡಿ ಅಂತ ನಾನು ಕೇಳುತ್ತಿಲ್ಲ. ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ (ಬೈಂದೂರಿನ ಹತ್ತಿರ ಟೋಲ್ ಇರುವ ಶಿರೂರು ಬೇರೆ) 2024ರ ಜುಲೈ 16ರಂದು ಗುಡ್ಡ ಕುಸಿದಾಗ ರಸ್ತೆ ಬದಿಯ ಚಹಾ ಅಂಗಡಿಯೇ ಕೊಚ್ಚಿ ಹೋಯಿತು. ಅಲ್ಲಿದ್ದ ಒಂದು ಲಾರಿಯನ್ನು ಗಂಗಾವಳಿಯಿಂದ ಮೇಲೆತ್ತಲು ಎರಡು ತಿಂಗಳಿಗೂ ಜಾಸ್ತಿ ಬೇಕಾಯಿತು. ಅಲ್ಲಿ ಸಿಕ್ಕಿಬಿದ್ದವರಲ್ಲಿ ಹಲವರು ಚಹಾ ಕುಡಿಯಲು, ಸುಸ್ತು ಕಳೆಯಲು ನಿಂತವರು. ಒಂದು ಕಡೆ ಹಸಿರು ಗುಡ್ಡ, ಇನ್ನೊಂದು ಕಡೆ ಹೊಳೆ, ಯಾರಿಗಾದರೂ ನಿಲ್ಲಬೇಕು ಅನ್ನಿಸುವ ಜಾಗವೇ. ನಾವು ಅಲ್ಲಿ ದಾಟುವಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ಜನ ಹೇಗೂ ನಿಲ್ಲುತ್ತಾರೆ. ಎಲ್ಲಿ ನಿಲ್ಲಬೇಕು ಅನ್ನುವುದನ್ನು ರಸ್ತೆ ಮಾಡಿದವರೇ ತೋರಿಸಿಕೊಡಬೇಕಲ್ವಾ? ಮರವಂತೆ, ಬೈಂದೂರಿನ ಒತ್ತಿನೆಣೆ ಗುಡ್ಡ, ಶರಾವತಿ ಸೇತುವೆಯ ಆಚೆ ಈಚೆ, ಬಿಣಗಾದ ಸುರಂಗಕ್ಕೆ ಮುಂಚೆ. ಇಂಥ ಕಡೆ ಹೆದ್ದಾರಿಯಿಂದ ಒಳಕ್ಕೆ ಹತ್ತಿಪ್ಪತ್ತು ಗಾಡಿ ನಿಲ್ಲುವಷ್ಟು ಜಾಗ, ಬೀಗ ಹಾಕದ ಎರಡು ಶೌಚಾಲಯ, ಕುಡಿಯುವ ನೀರು, ರಾತ್ರಿಗೆ ಒಂದು ದೀಪ. ಊರಿನವರು ಬೊಂಡ, ಗೋಳಿಬಜೆ ಮಾರಲಿ, ಅವರಿಗೂ ನಾಲ್ಕು ಕಾಸು ಆಗುತ್ತದೆ. ಗುಡ್ಡವನ್ನು ಕಡಿದಾಗಿ ಕಡಿದಿರುವ ಕಡೆ ಮಾತ್ರ ‘ಇಲ್ಲಿ ನಿಲ್ಲಬೇಡಿ’ ಅಂತ ದೊಡ್ಡ ಕನ್ನಡ ಅಕ್ಷರದಲ್ಲಿ ಬರೆದು ಹಾಕಿ, ನಿಂತವರನ್ನು ಎಬ್ಬಿಸಿ ಕಳಿಸಲೂ ಒಬ್ಬರಿರಲಿ. ದುಡ್ಡು ಎಲ್ಲಿಂದ ಅಂತ ಕೇಳಬೇಡಿ, ಟೋಲ್ ಗೇಟಿನಲ್ಲಿ ಫಾಸ್ಟ್ಯಾಗ್‌ನಿಂದ ಟಕ್ ಅಂತ ಹೋಗುತ್ತದಲ್ಲ, ಅದರಿಂದ.

ಈಗ ಜನವರಿ. ಕರಾವಳಿಯಲ್ಲಿ ಮಣ್ಣಿನ ಕೆಲಸಕ್ಕೆ ಮೇ ತನಕ ಮಾತ್ರ ಅವಕಾಶ, ಜೂನ್ ಬಂದರೆ ಯಾರೂ ಗುದ್ದಲಿ ಮುಟ್ಟುವ ಹಾಗಿಲ್ಲ. ಎಲ್ಲ ಕಡೆ ಆಗದಿದ್ದರೆ ಮರವಂತೆಯಲ್ಲಾದರೂ ಈ ವರ್ಷವೇ ಶುರು ಮಾಡಲಿ.

– ಒಬ್ಬ ಓದುಗ, ಶಿವಮೊಗ್ಗ