ಲಿಡ್‌ಬೆಟರ್ ಸಾಹೇಬರಿಗೂ ಒಂದು ಥ್ಯಾಂಕ್ಸ್

ಆರ್ಕಿಟೆಕ್ಟ್ ಆಗಲು ಬರೆಯಬೇಕಾದ ಕೊನೆಯ ಪರೀಕ್ಷೆ, ಪಾರ್ಟ್ ತ್ರೀ, ಪಾಸಾಯ್ತು. ಮೂರನೇ ಸಲಕ್ಕೆ. ಇನ್ನು ನೋಂದಣಿಯೊಂದು ಮುಗಿದರೆ ಇಂಗ್ಲೆಂಡಿನಲ್ಲಿ ನಾನು ಕಾನೂನುಬದ್ಧವಾಗಿ ಆರ್ಕಿಟೆಕ್ಟ್.

ಎರಡನೇ ಸಲ ಫೇಲಾದಾಗ ಅಮ್ಮ ಫೋನಿನಲ್ಲಿ ‘ಅಂತೂ ಇಂತೂ ಕುಂತಿ ಮಕ್ಕಳಿಗೆ...’ ಅಂತ ಶುರುಮಾಡಿ ತಟ್ಟನೆ ನಿಲ್ಲಿಸಿದ್ದಳು. ಆ ಗಾದೆ ಮುಗಿಸದೇ ಬಿಟ್ಟದ್ದಕ್ಕೆ ಮೊದಲ ಥ್ಯಾಂಕ್ಸ್ ಅವಳಿಗೆ. ಕೆಲಸ ಹೋದ ಎಂಟು ತಿಂಗಳು ಬಾಡಿಗೆಯ ಸುದ್ದಿಯನ್ನೇ ಎತ್ತದ ರೂಮ್‌ಮೇಟ್‌ಗೆ ಎರಡನೆಯದು.

ಮೂರನೆಯದು 1966ರಲ್ಲೇ ತೀರಿಕೊಂಡ ಒಬ್ಬರಿಗೆ. ಹ್ಯೂಬರ್ಟ್ ಲಿಡ್‌ಬೆಟರ್ ಅನ್ನುವ ಆರ್ಕಿಟೆಕ್ಟ್. ಲಂಡನ್ನಿನ ಯೂಸ್ಟನ್ ಸ್ಟೇಷನ್ನಿನ ಎದುರಿಗಿರುವ ಫ್ರೆಂಡ್ಸ್ ಹೌಸ್, ಅಂದರೆ ಕ್ವೇಕರರೆಂಬ ಕ್ರೈಸ್ತ ಪಂಥದವರ ಬ್ರಿಟನ್ನಿನ ಕೇಂದ್ರ ಕಚೇರಿ, ಅವರ ಕೆಲಸ. ಇಟ್ಟಿಗೆ, ಪೋರ್ಟ್‌ಲ್ಯಾಂಡ್ ಕಲ್ಲು, ಮುಂದೆ ಹಳೇ ಗ್ರೀಕ್ ಶೈಲಿಯ ಡೋರಿಕ್ ಕಂಬಗಳು. ಕಾಲೇಜಿನಲ್ಲಿದ್ದಾಗ ಇಂಥದ್ದನ್ನು ‘ಬ್ಯಾಂಕಿನ ಹಾಗಿದೆ’ ಅಂತ ನಕ್ಕು ಮುಂದೆ ಹೋಗುತ್ತಿದ್ದವನು ನಾನು. ಆ ಕಾಲದವರು ನಕ್ಕಿರಲಿಲ್ಲ. 1927ರಲ್ಲಿ ಇದಕ್ಕೆ ಬ್ರಿಟಿಷ್ ವಾಸ್ತುಶಿಲ್ಪಿಗಳ ಸಂಸ್ಥೆಯ ಕಂಚಿನ ಪದಕ ಬಂತು. 1931ರಲ್ಲಿ ದುಂಡು ಮೇಜಿನ ಪರಿಷತ್ತಿಗೆ ಬಂದಿಳಿದ ಗಾಂಧೀಜಿಗೆ ಸ್ವಾಗತ ಸಭೆ ನಡೆದದ್ದೂ ಇಲ್ಲೇ.

ನನಗೆ ಅದೆಲ್ಲ ಆಮೇಲೆ ಗೊತ್ತಾದದ್ದು. ಮನೆಯಲ್ಲಿ ಕೂತರೆ ತಲೆ ಕೆಡುತ್ತಿತ್ತು, ಇಲ್ಲಿ ಒಂದು ಕಾಫಿ ತಗೊಂಡು ಎಷ್ಟು ಹೊತ್ತು ಓದಿದರೂ ಯಾರೂ ಏಳು ಅನ್ನಲಿಲ್ಲ. ಅಷ್ಟೇ ಕಾರಣ. ಒಂದು ಭಾನುವಾರ ಅವರ ಮೌನಸಭೆಯಲ್ಲೂ ಕೂತೆ. ಪಾದ್ರಿಯಿಲ್ಲ, ಶಿಲುಬೆಯಿಲ್ಲ, ಹಾಡಿಲ್ಲ. ಒಳಗಿನಿಂದ ಮಾತು ಬಂದವರು ಎದ್ದು ಹೇಳಿ ಕೂರುತ್ತಾರೆ. ಅವತ್ತು ಯಾರೂ ಏಳಲಿಲ್ಲ.

ಆಗ ಹೊಳೆಯಿತು, ಬಲಿಪೀಠವೇ ಇಲ್ಲದ ಇವರಿಗೆ ಕಟ್ಟುವವನು ಏನನ್ನು ಕಟ್ಟಬೇಕು? ಲಿಡ್‌ಬೆಟರ್ ಸ್ವತಃ ಕ್ವೇಕರ್. ಯೂಸ್ಟನ್ ರಸ್ತೆಯ ಗದ್ದಲ ಅವರ ಕಾಲಕ್ಕೂ ಕಮ್ಮಿಯೇನಿರಲಿಲ್ಲ. ಸಾವಿರಕ್ಕೂ ಹೆಚ್ಚು ಜನ ಕೂರುವ ದೊಡ್ಡ ಸಭಾಂಗಣವನ್ನು ಕಟ್ಟಡದ ಹೊಟ್ಟೆಯೊಳಗಿಟ್ಟು, ಸುತ್ತ ಬೇರೆ ಕೋಣೆಗಳನ್ನು ಕಟ್ಟಿದರು. ಹೊರಗೆ ಬ್ಯಾಂಕಿನ ಹಾಗಿದ್ದರೆ ಇರಲಿ ಬಿಡಿ.

ಆಮೇಲೆ ಬರ್ಮಿಂಗ್‌ಹ್ಯಾಮಿನ ಬುಲ್ ಸ್ಟ್ರೀಟ್ ಸಭಾಗೃಹವನ್ನೂ ಕಟ್ಟಿದರು. ಎಪ್ಪತ್ತೈದು ದಾಟಿದ ಮೇಲೆ, 1961ರಲ್ಲಿ, ಹಳೆಯ ಕ್ವೇಕರ್ ಸಭಾಗೃಹಗಳ ಬಗ್ಗೆ ಪುಸ್ತಕವನ್ನೇ ಬರೆದರು. ಒಂದೇ ಬಗೆಯ ಸರಳ ಕೋಣೆಯನ್ನು ಇಡೀ ಆಯುಸ್ಸು ಯೋಚಿಸುತ್ತಾ ಕೂರಲು ಎಂಥ ತಾಳ್ಮೆ ಬೇಕು! ನನಗೆ ಮೂರು ಪರೀಕ್ಷೆಗೇ ಸುಸ್ತಾಗಿತ್ತು.

ರಿಸಲ್ಟ್ ಬಂದ ಮರುದಿನ ಅಲ್ಲಿಗೇ ಹೋದೆ. ಪುಸ್ತಕವಿಲ್ಲದೆ ಸುಮ್ಮನೆ ಕೂತು ಕಾಫಿ ಕುಡಿದೆ.

ಶನಿವಾರ ರೂಮ್‌ಮೇಟ್‌ಗೆ ಬಿಸಿಬೇಳೆಬಾತ್ ಬಾಕಿಯಿದೆ. ಬಾಡಿಗೆ ಲೆಕ್ಕ ಆಮೇಲೆ.